ಮುರಿಗೆಪ್ಪನ ಗಡಿಯಾರ ನಿಂತ ಮಧ್ಯಾಹ್ನ

ಮುರಿಗೆಪ್ಪ ತೀರಿಕೊಂಡು ಆರು ವರ್ಷವಾಗಿದ್ದರೂ ಅವನ ಮನೆಯಲ್ಲಿ ಅವನ ತಾಟು ಇನ್ನೂ ಎತ್ತಿರಲಿಲ್ಲ. ಅವನ ತಾಯಿ ದ್ಯಾಮವ್ವ ಎರಡೂ ಹೊತ್ತು ಅದರಲ್ಲಿ ಒಂದು ರೊಟ್ಟಿ, ಒಂದಿಷ್ಟು ಪಲ್ಯ ಬಡಿಸಿ, ಎಲ್ಲರೂ ಉಂಡಾದ ಮೇಲೆ ಅದನ್ನು ಎಮ್ಮೆಗೆ ಹಾಕುತ್ತಿದ್ದಳು. ಅವನ ಹೆಂಡತಿ ಕಸ್ತೂರಿ ಹಣೆಗೆ ಕುಂಕುಮ ಇಟ್ಟುಕೊಂಡು, ಅವನ ಹಾಸಿಗೆ ಬಿಡಿಸಿ, ಅದರ ಮಗ್ಗುಲಲ್ಲೇ ತನ್ನದನ್ನೂ ಹಾಸಿಕೊಂಡು ಮಲಗುತ್ತಿದ್ದಳು. ನಮ್ಮೂರಿನವರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ಮುರಿಗೆಪ್ಪನ ಕೈಗಡಿಯಾರ ಇನ್ನೂ ನಡೆಯುತ್ತಿತ್ತು, ಅಷ್ಟೇ.

ಸತ್ತವರ ಗಡಿಯಾರಕ್ಕೆ ನಮ್ಮಲ್ಲಿ ಯಾರೂ ಚಾವಿ ಕೊಡುವುದಿಲ್ಲ. ಕೊಡದಿದ್ದರೂ ಅದು ನಡೆಯುತ್ತದೆ. ಕೆಲವರದು ಎಂಟು ದಿನ, ಕೆಲವರದು ಎರಡು ಮೂರು ವರ್ಷ. ಗಾಣದ ಓಣಿಯ ಸೂಲಗಿತ್ತಿಯೊಬ್ಬಳದು ಇಪ್ಪತ್ತೆರಡು ವರ್ಷ ನಡೆದು, ಅವಳ ತಾಟು ಇಡುವ ಕೆಲಸ ಮೊಮ್ಮಕ್ಕಳ ಪಾಲಿಗೆ ಬಂದಿತ್ತು. ಗಡಿಯಾರ ನಡೆಯುವ ತನಕ ಆ ಮನುಷ್ಯ ಮನೆ ಬಿಟ್ಟಿಲ್ಲ. ಅವರ ಬಟ್ಟೆ ಯಾರಿಗೂ ಕೊಡುವ ಹಾಗಿಲ್ಲ, ಹೆಂಡತಿಯೋ ಗಂಡನೋ ಇನ್ನೊಂದು ಮದುವೆಯ ಮಾತೆತ್ತುವ ಹಾಗಿಲ್ಲ. ನಿಂತ ದಿನ ಗಡಿಯಾರದ ಅಂಗಡಿಗೆ ಹೇಳಿಕಳಿಸುತ್ತಾರೆ. ಗಡಿಯಾರ ಬಲ್ಲವರು ಐದು ಮಂದಿಯ ಎದುರು ಅದರ ಬೆನ್ನು ತೆರೆದು ನೋಡಬೇಕು. ಒಳಗೆ ಏನಾದರೂ ಮುರಿದಿದ್ದರೆ, ತುಕ್ಕು ಹಿಡಿದಿದ್ದರೆ ಸರಿಮಾಡಿಕೊಡಬೇಕು. ಅದು ಮತ್ತೆ ನಡೆಯುತ್ತದೆ. ಏನೂ ಆಗಿರದಿದ್ದರೆ ‘ತಾನಾಗೇ ನಿಂತೈತಿ’ ಎಂದು ಹೇಳಬೇಕು. ಆ ಮಾತಿನ ಮೇಲೆ ನಿಲುಗಡೆ. ತಾಟು ಎತ್ತುತ್ತಾರೆ, ಹಾಸಿಗೆ ಸುತ್ತುತ್ತಾರೆ, ಅಳುವುದಿದ್ದಷ್ಟು ಅತ್ತು, ಸಂಜೆಗೆ ಮನೆಗೆ ಸುಣ್ಣ ಬಳಿಯುತ್ತಾರೆ.

ಆ ಮಾತು ಹೇಳುವವಳು ನಾನು, ನೀಲಗಂಗಾ. ಕೋಟೆಬಾಗಿಲ ಪಕ್ಕದ ಗಡಿಯಾರದ ಅಂಗಡಿ ಮೊದಲು ನನ್ನ ಅಪ್ಪನದಾಗಿತ್ತು, ಆಮೇಲೆ ನನ್ನದಾಯಿತು. ನಾನು ಮದುವೆಯಾಗಲಿಲ್ಲ. ಊರಿನವರು ನನ್ನ ಕೈ ಹೊಗಳುವಷ್ಟೇ ನನ್ನ ನಾಲಿಗೆಯನ್ನೂ ಹೊಗಳುತ್ತಿದ್ದರು. ‘ನೀಲಕ್ಕ ಹೇಳಿದ್ಲಂದ್ರ ಮುಗೀತು’ ಎನ್ನುತ್ತಿದ್ದರು. ನನ್ನ ಕಸುಬಿಗೆ ಕಟ್ಟಳೆ ಅಂತ ಇರುವುದು ಒಂದೇ: ಸತ್ತವರ ಗಡಿಯಾರ ನಡೆಯುತ್ತಿರುವಾಗ ಅದರ ಬೆನ್ನು ತೆರೆಯಬಾರದು. ಪಟ್ಟಿ ಬದಲಿಸಬಹುದು, ಗಾಜು ಒರೆಸಬಹುದು. ಬೆನ್ನಿಗೆ ಮಾತ್ರ ಕೈ ಹಾಕಬಾರದು.

ಮುರಿಗೆಪ್ಪನ ಗಡಿಯಾರವನ್ನು ಮಾಡಿದವನು ನನ್ನ ಅಪ್ಪ. ಅವನು ಬದುಕಿಡೀ ಬೇರೆಯವರು ಮಾಡಿದ ಗಡಿಯಾರಗಳನ್ನು ರಿಪೇರಿ ಮಾಡಿದ. ಮೊದಲಿನಿಂದ ಕೊನೆಯವರೆಗೆ ತಾನೇ ಮಾಡಿದ್ದು ಇದೊಂದನ್ನೇ. ಅದಕ್ಕೆ ಏಳು ವರ್ಷ ಹಿಡಿಯಿತು. ಹಿತ್ತಾಳೆಯ ತಗಡಿನಿಂದ ಒಂದೊಂದು ಚಕ್ರ ಕೊರೆದು, ಒಂದೊಂದು ಹಲ್ಲನ್ನು ಕೈಯಿಂದ ತಿದ್ದಿ, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಬಿಸಿ ಮಾಡಿ, ಉಕ್ಕು ನವಿಲಿನ ಕತ್ತಿನ ನೀಲಿಗೆ ತಿರುಗಿದ ಗಳಿಗೆಯಲ್ಲೇ ಹೊರಗೆ ತೆಗೆಯುತ್ತಿದ್ದ. ಆ ಏಳೂ ವರ್ಷ ನಾನು ಅದೇ ಅಂಗಡಿಯಲ್ಲಿ, ಅವನಿಂದ ಎರಡು ಮೊಳ ದೂರದಲ್ಲಿ ಕೂತಿದ್ದೆ. ನಾನು ಎದ್ದು ಬಂದರೆ ಅದರ ಮೇಲೆ ಬಟ್ಟೆ ಮುಚ್ಚುತ್ತಿದ್ದ. ‘ನಿನ್ನ ಕೈ ಇನ್ನೂ ಕುಂತಿಲ್ಲ’ ಎನ್ನುತ್ತಿದ್ದ. ನಾನು ಅರಗಳಿಂದ ಉಜ್ಜಿ ಕೊಟ್ಟ ತುಂಡುಗಳನ್ನು ಬೆಳಕಿಗೆ ಹಿಡಿದು, ಮಾತಾಡದೆ ವಾಪಸ್ಸು ಇಡುತ್ತಿದ್ದ. ಒಂದು ಸ್ಕ್ರೂವಿನ ತಲೆಯನ್ನು ನನ್ನಿಂದ ಹನ್ನೊಂದು ದಿನ ಪಾಲಿಶ್ ಮಾಡಿಸಿದ್ದ. ‘ಹೊರಗ ಹೆಂಗೋ ಒಳಗೂ ಹಂಗ ನುಣುಪಿರಬೇಕು. ಯಾರ್ ನೋಡ್ತಾರ ಅನ್ನೂದು ಕಳ್ಳರ ಮಾತು’ ಅನ್ನುವುದು ಅವನ ಪಾಠ.

ಗಡಿಯಾರ ಮುಗಿದಾಗ ಅದು ನನಗೇ ಎಂದುಕೊಂಡಿದ್ದೆ. ಅಪ್ಪ ಅದನ್ನು ಟಪಾಲಿನ ಮುರಿಗೆಪ್ಪನಿಗೆ, ಅವನ ಮದುವೆಯ ದಿನ, ಮುಂಗೈಗೆ ತಾನೇ ಕಟ್ಟಿದ. ‘ಈ ಊರಾಗ ಹೊತ್ತಿಗೆ ಸರಿಯಾಗಿ ಮನಿಮನಿ ಬಾಗಲಕ್ಕ ಹೋಗವ ನೀ ಒಬ್ಬನ ನೋಡಪಾ’ ಎಂದ. ನಾನು ಬಂದವರಿಗೆ ಪಾನಕ ಹಂಚುತ್ತಿದ್ದೆ. ಮರುವರ್ಷ ಅಪ್ಪ ತೀರಿಕೊಂಡ. ಅವನದೇ ಕೈಗಡಿಯಾರ ನಾಲ್ಕನೆಯ ದಿನಕ್ಕೆ ನಿಂತುಬಿಟ್ಟಿತು. ನಮ್ಮ ಓಣಿಯಲ್ಲಿ ಅಷ್ಟು ಬೇಗ ಯಾರದೂ ನಿಂತಿರಲಿಲ್ಲ. ಐದು ಮಂದಿಯ ಎದುರು ನಾನೇ ಬೆನ್ನು ತೆರೆದು ನೋಡಿ ಹೇಳಿದೆ. ಅವನು ಮಲಗಿದ್ದ ಹೊದಿಕೆಯನ್ನು ನಾನಿನ್ನೂ ಒಗೆಯಲು ಹಾಕಿರಲಿಲ್ಲ. ಇಪ್ಪತ್ತು ವರ್ಷ ಜೊತೆಗೆ ಕೂತವಳ ಹತ್ತಿರ ನಾಲ್ಕು ದಿನವೂ ನಿಲ್ಲಲು ಅವನಿಗೆ ಮನಸ್ಸಾಗಲಿಲ್ಲ ಎಂಬುದು ನನ್ನೊಳಗೆ ಮುಳ್ಳಾಗಿ ಉಳಿಯಿತು. ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ಆಮೇಲೆ ನಾನು ಮಾಡಿದ್ದಕ್ಕೆ ಬರೀ ಕುತೂಹಲ ಎಂದು ಹೆಸರಿಟ್ಟರೆ ಅದೂ ಇನ್ನೊಂದು ಸುಳ್ಳಾಗುತ್ತದೆ.

ಮುರಿಗೆಪ್ಪ ಮೂವತ್ತೊಂದಕ್ಕೇ ಜ್ವರದಲ್ಲಿ ಹೋದ. ಆರು ವರ್ಷ ಕಳೆದ ಮೇಲೆ ಒಂದು ಸಂತೆಯ ದಿನ ದ್ಯಾಮವ್ವ ಅಂಗಡಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಗಡಿಯಾರ ಮೇಜಿನ ಮೇಲಿಟ್ಟಳು. ತೊಗಲಿನ ಪಟ್ಟಿಯ ಹೊಲಿಗೆ ಕಿತ್ತುಹೋಗಿತ್ತು.

“ಪಟ್ಟಿ ಒಂದಿಷ್ಟು ಹೊಲದು ಇಟ್ಟಿರು ನೀಲಾ. ನಾ ಕಾಯಿಪಲ್ಲೆ ತಗೊಂಡು ಬರ್ತೇನಿ,” ಎಂದಳು. ಅವಳು ಎಂದಿನಂತೆ ಇರಲಿಲ್ಲ, ಮುಖ ಬಿಗಿದುಕೊಂಡಿತ್ತು. ಬಾಗಿಲ ತನಕ ಹೋದವಳು ತಿರುಗಿ ಗಡಿಯಾರವನ್ನೇ ಒಂದು ಗಳಿಗೆ ನೋಡಿ, ಸಂತೆಗೆ ಇಳಿದು ಹೋದಳು.

ನಾನು ಪಟ್ಟಿ ಬಿಚ್ಚಿದೆ. ಗಡಿಯಾರ ಅಂಗೈಯಲ್ಲಿ ಹಗುರವಾಗಿ, ಬೆಚ್ಚಗೆ ಕೂತಿತು. ಬೆನ್ನಿನ ಮುಚ್ಚಳದ ಅಂಚಿನಲ್ಲಿ ಅಪ್ಪ ಬಿಟ್ಟಿದ್ದ ಉಗುರಗಲದ ಸಂದು ಕಂಡಿತು. ಹೊರಗೆ ಸಂತೆಯ ಗದ್ದಲ. ನಾನು ಎದ್ದು ಬಾಗಿಲಿನ ಒಂದು ರೆಕ್ಕೆ ಮುಂದೆ ಮಾಡಿದೆ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೆ. ಚಾಕುವಿನ ತುದಿ ಇಟ್ಟು ಒತ್ತಿದೆ.

ಯಾವುದೇ ಗಡಿಯಾರಕ್ಕೆ ಚಾವಿ ಕೊಟ್ಟರೆ ಡಬ್ಬಿಯೊಳಗಿನ ಉಕ್ಕಿನ ಸುರುಳಿ ಬಿಗಿಯುತ್ತದೆ. ಬಿಚ್ಚಿಕೊಳ್ಳಲು ಹವಣಿಸುವ ಅದರ ಬಲ ಚಕ್ರದಿಂದ ಚಕ್ರಕ್ಕೆ ದಾಟುತ್ತ ಬಂದು, ಕೊನೆಯಲ್ಲಿ ಒಂದು ಪುಟ್ಟ ಕವಲುಗೋಲಿಗೆ ಸಿಕ್ಕಿಬೀಳುತ್ತದೆ. ಆ ಕವಲುಗೋಲು ಬಲವನ್ನು ಒಮ್ಮೆಗೇ ಹರಿದುಹೋಗಲು ಬಿಡದೆ, ತಡೆದು ತಡೆದು, ಬ್ಯಾಲೆನ್ಸ್ ಚಕ್ರಕ್ಕೆ ಒಂದೊಂದೇ ನೂಕು ಕೊಡುತ್ತದೆ. ನಾವು ಕೇಳುವ ಟಿಕ್ ಟಿಕ್ ಆ ತಡೆಯ ಸದ್ದು. ಮುರಿಗೆಪ್ಪನ ಗಡಿಯಾರದಲ್ಲಿ ಡಬ್ಬಿಯ ಮೇಲಿನ ಹಲ್ಲುಚಕ್ರವನ್ನು ಚಿಮಟದ ತುದಿಯಿಂದ ಮುಟ್ಟಿದೆ. ಅದು ಸಡಿಲವಾಗಿ ಅತ್ತಿತ್ತ ಆಡಿತು. ಸುರುಳಿಯಲ್ಲಿ ಎಳ್ಳಷ್ಟೂ ಬಿಗಿ ಇರಲಿಲ್ಲ. ಆದರೂ ಆ ಕೊನೆಯ ಚಕ್ರ ಅತ್ತ ಒಂದು ಸುತ್ತು, ಇತ್ತ ಒಂದು ಸುತ್ತು, ದಣಿವಿಲ್ಲದೆ ತೂಗುತ್ತಿತ್ತು. ಕೂದಲೆಳೆಯಂಥ ಸ್ಪ್ರಿಂಗ್ ಉಸಿರಾಡುವ ಎದೆಯ ಹಾಗೆ ಹಿಗ್ಗಿ ಕುಗ್ಗುತ್ತಿತ್ತು. ಅಲ್ಲಿಗೇ ಮುಚ್ಚಿಬಿಟ್ಟಿದ್ದರೆ ನಾನು ಬರೀ ಕಟ್ಟಳೆ ಮುರಿದವಳಾಗಿರುತ್ತಿದ್ದೆ.

ಆದರೆ ಬ್ಯಾಲೆನ್ಸ್ ಚಕ್ರದ ಕೆಳಗೆ, ಹಿತ್ತಾಳೆಯ ತಳದ ಒಂದು ಮೂಲೆಯಲ್ಲಿ ನನಗೆ ಮೂರು ಗೀರು ಕಂಡವು. ಅರದ ಗೀರುಗಳು. ಒರಟಾಗಿ, ಪಾಲಿಶ್ ಕಾಣದೆ, ಹಾಗೇ ಬಿಟ್ಟ ಗೀರುಗಳು. ಒಂದು ಸ್ಕ್ರೂವಿಗೆ ನನ್ನನ್ನು ಹನ್ನೊಂದು ದಿನ ಕೂರಿಸಿದ ಅಪ್ಪ, ತನ್ನ ಗಡಿಯಾರದಲ್ಲಿ ಯಾರೂ ನೋಡದ ಜಾಗಕ್ಕೆ ಬಂದಾಗ ಕೈಬಿಟ್ಟಿದ್ದ.

ನನಗೆ ಖುಷಿಯಾಯಿತು. ಇದನ್ನು ಹೇಳುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಒಬ್ಬ ಸತ್ತವನ ಜೀವ ಅಂಗೈಯಲ್ಲಿ ತೂಗುತ್ತಿರುವಾಗ ನಾನು ಅಪ್ಪನ ತಪ್ಪು ಕಂಡು ಒಬ್ಬಳೇ ಕೂತು ನಕ್ಕೆ. ಇನ್ನೂ ಎಷ್ಟು ಗೀರುಗಳಿವೆ ನೋಡಬೇಕೆನಿಸಿತು. ಬ್ಯಾಲೆನ್ಸ್ ಚಕ್ರವನ್ನು ಮೇಲಿಂದ ಹಿಡಿದಿರುವ ಸೇತುವೆಯ ಸ್ಕ್ರೂ ಅರ್ಧ ಸುತ್ತು ಸಡಿಲಿಸಿದರೆ ಸಾಕಿತ್ತು. ಸ್ಕ್ರೂಡ್ರೈವರ್ ಇಟ್ಟೆ. ಅದು ಜಾರಿತು. ತುದಿ ಹೋಗಿ ಚಕ್ರದ ಅಂಚಿಗೆ ಬಡಿಯಿತು. ಸದ್ದೇನೂ ಆಗಲಿಲ್ಲ. ಚಕ್ರ ಒಂದು ಮಗ್ಗುಲಿಗೆ ವಾಲಿ, ಎರಡು ಸಲ ನಡುಗಿ, ನಿಂತಿತು. ಅದರ ಅಚ್ಚಿನ ಮೇಲ್ಮೊನೆ, ಕೂದಲಿಗಿಂತ ತುಸುವೇ ದಪ್ಪದ ಉಕ್ಕಿನ ಮೊನೆ, ಮುರಿದು, ಅದು ಕೂತು ತಿರುಗುವ ಮಾಣಿಕ್ಯದ ಕಲ್ಲಿನ ಕುಳಿಯೊಳಗೇ ಉಳಿದಿತ್ತು.

ಎರಡು ಗಂಟೆ ನಲವತ್ತು ನಿಮಿಷವಾಗಿತ್ತು. ಅಂಥ ಅಚ್ಚು ಎಲ್ಲಿಯೂ ಕೊಳ್ಳಲು ಸಿಗುವುದಿಲ್ಲ. ಹೊಸದಾಗಿಯೇ ಮಾಡಬೇಕು, ಅದಕ್ಕೆ ದಿನಗಳು ಬೇಕು. ಏನು ಹೇಳುವುದೆಂದು ಯೋಚಿಸಿದೆ. ಕೈಜಾರಿ ಬಿತ್ತು ಎನ್ನಲೇ? ನೀಲಗಂಗಾಳ ಕೈಯಿಂದ ಗಡಿಯಾರ ಬಿದ್ದಿತೆ? ಮುರಿದ ಅಚ್ಚನ್ನೇ ಅದರ ಜಾಗದಲ್ಲಿ ನೆಟ್ಟಗೆ ಕೂರಿಸಿ, ಸೇತುವೆ ಬಿಗಿದು, ಬೆನ್ನು ಮುಚ್ಚಿದೆ. ಅಷ್ಟರಲ್ಲಿ ದ್ಯಾಮವ್ವ ಬುಟ್ಟಿ ಇಳಿಸಿ ಒಳಗೆ ಬಂದಳು. ದುಡ್ಡಿನ ಮಾತಾಡುವ ಮೊದಲೇ, ದಿನಾ ಮಾಡುವ ಹಾಗೆ, ಗಡಿಯಾರ ಎತ್ತಿ ಕಿವಿಗೆ ಹಿಡಿದಳು.

“ನೀಲಾ, ಇದು ಸಪ್ಪಳ ಮಾಡವಲ್ದಲ್ಲ.”

“ನಿಂತೈತಿ ದೊಡ್ಡವ್ವಾ.”

“ಯಾವಾಗ?”

“ಈಗ. ನಾ ಪಟ್ಟಿ ಬಿಚ್ಚೂದ್ರಾಗ.”

ಅವಳ ಕೈ ಕಿವಿಯ ಹತ್ತಿರವೇ ಉಳಿಯಿತು. “ತಾನಾಗೇ?” ಎಂದು ಕೇಳಿದಳು.

ಅವಳು ಬೇರೆ ಹೇಗೆ ಕೇಳಿದ್ದರೂ ನಾನು ನಿಜ ಹೇಳುತ್ತಿದ್ದೆನೇನೋ. ಉತ್ತರವನ್ನು ಅವಳೇ ನನ್ನ ಕೈಗಿಟ್ಟಿದ್ದಳು. “ಹ್ಞೂಂ,” ಎಂದೆ. “ತಾನಾಗೇ.”

ಮರುದಿನ ಬೆಳಿಗ್ಗೆ ಅವರ ಪಡಸಾಲೆಯಲ್ಲಿ ಐದು ಮಂದಿ ಕೂತಿದ್ದರು. ನಾನು ಬೆನ್ನು ತೆರೆದು, ಮಸೂರ ಹಚ್ಚಿಕೊಂಡು, ನೋಡುವಷ್ಟು ಹೊತ್ತು ನೋಡಿದ ಹಾಗೆ ಮಾಡಿದೆ. ಮಸೂರ ಇದ್ದದ್ದು ನನ್ನ ಕಣ್ಣಿಗೆ ಮಾತ್ರ. ಏನೂ ಮುರಿದಿಲ್ಲ, ತುಕ್ಕಿಲ್ಲ, ತಾನಾಗೇ ನಿಂತೈತಿ ಎಂದೆ. ಐದೂ ಮಂದಿ ತಲೆದೂಗಿದರು. ಕಸ್ತೂರಿ ಒಳಗಿನ ಬಾಗಿಲಿಗೆ ಆತುಕೊಂಡು ನಿಂತವಳು ಹಾಗೇ ಕುಸಿದು ಕೂತು ಅತ್ತಳು. ಆರು ವರ್ಷದ ಅಳು ಅದು. ಮಧ್ಯಾಹ್ನದ ತನಕ ನಿಲ್ಲಲಿಲ್ಲ. ದ್ಯಾಮವ್ವ ಅಳಲಿಲ್ಲ. ತಾಟು ಎತ್ತಿ, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತೊಳೆದು, ಗೋಡೆಯ ನಾಗಂದಿಗೆ ಹಲಗೆಯ ಮೇಲೆ ಬೋರಲು ಹಾಕಿದಳು. ಸಂಜೆ ಸುಣ್ಣದ ವಾಸನೆ ಓಣಿಯ ತುಂಬ ಹರಡಿತು.

ಆಮೇಲೆ ಆದದ್ದೆಲ್ಲ ಒಳ್ಳೆಯದೇ ಆಯಿತು, ಅದೇ ನನ್ನನ್ನು ಕೊಂದದ್ದು. ನೂಲಿಗೆ ಬಣ್ಣ ಹಾಕುವ ಅಡಿವೆಪ್ಪ ಕಸ್ತೂರಿಯನ್ನು ಕೇಳಿಕೊಂಡು ಬಂದ. ಮೂರು ವರ್ಷದಿಂದ ಅವನು ಅವರ ಓಣಿಯಲ್ಲಿ ಹಾದುಹೋಗುವಾಗ ತಲೆಯೆತ್ತಿ ನೋಡದೆ ಹೋಗುತ್ತಿದ್ದನೆಂದೂ, ಅಷ್ಟು ಪ್ರಯತ್ನಪಟ್ಟು ನೋಡದಿರುವುದನ್ನು ಊರೆಲ್ಲ ಗಮನಿಸಿತ್ತೆಂದೂ ಆಮೇಲೆ ಗೊತ್ತಾಯಿತು. ದ್ಯಾಮವ್ವನೇ ಮುಂದೆ ನಿಂತು, ಮಗಳನ್ನು ಕೊಡುವ ಹಾಗೆ ಧಾರೆ ಎರೆದು ಕೊಟ್ಟಳು. ಮದುವೆಯಲ್ಲಿ ಕಸ್ತೂರಿ ನನ್ನ ಕಾಲಿಗೆ ಬಿದ್ದು, “ನೀವು ಹೇಳಿದ್ರೆಂತ ನನಗ ಧೈರ್ಯ ಬಂತ್ರಿ ನೀಲಕ್ಕಾ. ಬ್ಯಾರೆ ಯಾರರ ಹೇಳಿದ್ರ ನಾ ನಂಬತಿರಲಿಲ್ಲ,” ಎಂದಳು. ನೀಲಿ, ಕೆಂಪು ಹತ್ತಿದ ಬೆರಳುಗಳ ಅಡಿವೆಪ್ಪ ಪಕ್ಕದಲ್ಲಿ ಕೈಮುಗಿದು ನಿಂತಿದ್ದ. ನಾನು ಆಶೀರ್ವಾದ ಮಾಡಿದೆ. ಊಟಕ್ಕೆ ಕೂತೆ. ನಿಲುಗಡೆ ಇರುವ ಮನೆಗಳವರು ಮೊದಲಿನಂತೆಯೇ ನನ್ನನ್ನು ಕರೆಯಲು ಬರುತ್ತಿದ್ದರು. ಪ್ರತಿ ಸಲವೂ ಐದು ಮಂದಿಯ ಎದುರು ಹೋಗಿ ಕೂರುತ್ತಿದ್ದೆ. ನಾನು ನಿಜ ಹೇಳಿದಾಗಲೂ ಅದು ಸುಳ್ಳಿನ ಸ್ವರದಲ್ಲೇ ಬರುತ್ತಿತ್ತು. ಕೇಳಿದವರಿಗೆ ಮಾತ್ರ ಅದು ಗೊತ್ತಾಗುತ್ತಿರಲಿಲ್ಲ.

ನಿಲುಗಡೆಯಾಗಿ ಎರಡು ವರ್ಷಕ್ಕೆ ದ್ಯಾಮವ್ವ ಮತ್ತೆ ಅಂಗಡಿಗೆ ಬಂದಳು. ಸಣ್ಣಗಾಗಿದ್ದಳು. ರವಿಕೆಯ ತೋಳು ಜೋತಾಡುತ್ತಿತ್ತು. ಸೆರಗಿನ ಗಂಟಿನಿಂದ ಗಡಿಯಾರ ತೆಗೆದಳು.

“ಅವತ್ತ ಪಟ್ಟಿ ಹೊಲೀಲೇ ಇಲ್ಲ ನೀನು,” ಎಂದಳು. “ಹೊಲದು ಕೊಡು. ನಿಂತರೂ ನನ್ನ ಮಗಂದು ಅದು.”

ಕೂತುಕೋ ಎಂದೆ. ಅವಳು ಕೂತು, ಸ್ವಲ್ಪ ಹೊತ್ತು ಗೋಡೆಯ ಗಡಿಯಾರಗಳನ್ನು ನೋಡಿ, ನಾನು ಕೇಳದೆಯೇ ಮಾತು ಶುರುಮಾಡಿದಳು.

“ನಿನಗೊಂದು ಹೇಳ್ತೇನಿ ನೀಲಾ, ಯಾರಿಗೂ ಹೇಳಿಲ್ಲ. ಅವತ್ತ ಮುಂಜಾನೆ ನಾ ಅವಂಗ ಬೈದೆ.”

“ಯಾರಿಗೆ?”

“ಮುರಿಗೆಪ್ಪಗ. ಗಡಿಯಾರ ಕೈಯಾಗ ಹಿಡಕೊಂಡು ಬೈದೆ. ಕಸ್ತೂರಿ ಬಾವಿಕಟ್ಟಿ ಮ್ಯಾಲೆ ಒಬ್ಬಾಕೀನ ಕುಂತಿದ್ಲು. ನೋಡಿ ಸೀದಾ ಒಳಗ ಬಂದೆ. ಎಷ್ಟ ದಿನ ಆ ಹುಡುಗಿ ಕೊರಳಿಗೆ ಜೋತು ಬೀಳತಿ, ಸತ್ತರೂ ಬಿಡವಲ್ಲೆಲ್ಲೋ, ಹೋಗಬಾರದೇನ ಇನ್ನ, ಅಂದೆ. ನನ್ನ ಬಾಯಿಂದ ಬಂತು ಆ ಮಾತು. ಮಧ್ಯಾಹ್ನಕ್ಕ ಹೋಗಿಬಿಟ್ಟ.” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಸಣ್ಣಾವಿದ್ದಾಗೂ ಹಂಗ ಇದ್ದ. ಒಂದ್ ಮಾತು ಜೋರ ಅಂದ್ರ ಸಾಕು, ಊಟಾ ಬಿಟ್ಟು ಎದ್ದು ಹೋಗ್ತಿದ್ದ. ಆವಾಗ ಹುಡುಕಿ ಕರಕೊಂಡು ಬರ್ತಿದ್ದೆ.”

ನನ್ನ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿದ್ದು ನನಗೆ ಗೊತ್ತಾಗಲಿಲ್ಲ. ಆಗಲೇ ಹೇಳಬೇಕಿತ್ತು. ಎದುರಿಗೇ ಕೂತಿದ್ದಳು, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಹೇಳಿದ್ದು ಇಷ್ಟೇ: “ಪಟ್ಟಿ ಹೊಸದ ಹಾಕಬೇಕು ದೊಡ್ಡವ್ವಾ. ಬಿಟ್ಟು ಹೋಗು.”

ಅವಳು ಹೋದ ಮೇಲೆ ಬಾಗಿಲು ಮುಚ್ಚಿ ಗಡಿಯಾರ ಬಿಚ್ಚಿದೆ. ಮಾಣಿಕ್ಯದ ಕಲ್ಲಿನಲ್ಲಿ ಸಿಕ್ಕಿಕೊಂಡಿದ್ದ ಮುರುಕು ಮೊನೆಯನ್ನು ಹೊರಗೆ ತೆಗೆದೆ. ಅದನ್ನು ಬಿಳಿ ಕಾಗದದ ಮೇಲಿಟ್ಟರೆ ಪೂರ್ಣವಿರಾಮಕ್ಕಿಂತ ಸಣ್ಣದು. ಅಂದಿನಿಂದ ದಿನಾ ಮಧ್ಯಾಹ್ನ, ಬೆಳಕು ಕಿಟಕಿಗೆ ನೇರವಾಗಿ ಬರುವ ಎರಡು ತಾಸು, ಅಪ್ಪನ ಸಣ್ಣ ಲೇತಿನ ಮುಂದೆ ಕೂತೆ. ಉಕ್ಕಿನ ಕಡ್ಡಿಯನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡುಸು ಮಾಡಿ, ಮತ್ತೆ ಮೆಲ್ಲಗೆ ಕಾಯಿಸಿ ನೀಲಿ ಬಣ್ಣಕ್ಕೆ ತಂದು ಅದರ ಸಿಡುಕು ಇಳಿಸಬೇಕು. ಗಡುಸು ಹೆಚ್ಚಾದರೆ ಮೊನೆ ಮುರಿಯುತ್ತದೆ, ಮೆದುವಾದರೆ ಸವೆಯುತ್ತದೆ. ಆಮೇಲೆ ಅದನ್ನು ತಿರುಗಿಸುತ್ತ, ಕೈಯಲ್ಲಿ ಹಿಡಿದ ಉಳಿಯಿಂದ ಹೆರೆಯುತ್ತ, ಎರಡು ತುದಿಗೆ ಎರಡು ಮೊನೆ ತರಬೇಕು. ಮೊದಲನೆಯ ಅಚ್ಚು ಮುಗಿಯುವ ಹೊತ್ತಿಗೆ ಮುರಿಯಿತು. ಎರಡನೆಯದರ ಮೊನೆ ಕೂದಲೆಳೆಯಷ್ಟು ಸೊಟ್ಟಗಾಯಿತು. ಕಣ್ಣಲ್ಲಿ ನೀರು ಬರುತ್ತಿತ್ತು. ದಣಿವಿನದೋ ಬೇರೆಯದೋ, ಒರೆಸಿಕೊಂಡು ಮತ್ತೆ ಕೂರುತ್ತಿದ್ದೆ. ಮೂರನೆಯದು ಸರಿಬಂತು. ಅದರ ಮೊನೆಗಳನ್ನು ಗಾಜಿನಂತೆ ಹೊಳೆಯುವವರೆಗೆ ಉಜ್ಜಿದೆ. ಚಕ್ರಕ್ಕೆ ಕೂರಿಸಿ, ಎರಡು ಅಲುಗಿನ ಮೇಲೆ ಅಡ್ಡ ಇಟ್ಟು, ಯಾವ ಕಡೆಗೂ ಭಾರವಾಗಿ ವಾಲದ ಹಾಗೆ ಗುಲಗಂಜಿಯ ನೂರನೆಯ ಒಂದು ಪಾಲಿನಷ್ಟು ತೂಕ ತೆಗೆದು ಸರಿತೂಗಿಸಿದೆ. ತಳದ ಆ ಮೂರು ಗೀರುಗಳು ದಿನಾ ಕಾಣುತ್ತಿದ್ದವು. ಹದಿನೇಳನೆಯ ದಿನ, ಅಪ್ಪ ಆ ಮೂಲೆಗೆ ಬರುವ ಹೊತ್ತಿಗೆ ಅವನ ಕಣ್ಣೂ ನನ್ನ ಕಣ್ಣಿನಂತೆ ಸೋತಿದ್ದಿರಬೇಕೆಂದು ನನಗೆ ಹೊಳೆಯಿತು. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ನಾನು ಬಂದಾಗ ಬಟ್ಟೆ ಮುಚ್ಚುತ್ತಿದ್ದದ್ದು ಅದಕ್ಕೇ ಇರಬಹುದು. ನಾನು ನಕ್ಕದ್ದು ನೆನಪಾಗಿ ತಲೆ ತಗ್ಗಿತು.

ಸೇತುವೆಯ ಸ್ಕ್ರೂ ಬಿಗಿದು ಚಿಮಟ ಕೆಳಗಿಟ್ಟೆ. ಚಾವಿ ಕೊಡಲಿಲ್ಲ, ಅಲುಗಾಡಿಸಲಿಲ್ಲ. ನಡೆಯದಿದ್ದರೆ ಚೆನ್ನಾಗಿತ್ತು ಎಂದು ಒಳಗೊಂದು ಮನಸ್ಸು ಬೇಡುತ್ತಿತ್ತು. ಆಗ ಮುರಿಗೆಪ್ಪ ಹೇಗೂ ಹೋಗುವವನಿದ್ದ, ನನ್ನ ಸುಳ್ಳು ಒಂದೆರಡು ದಿನ ಮುಂಚಿನ ನಿಜ ಎಂದುಕೊಳ್ಳಬಹುದಿತ್ತು. ಚಕ್ರ ಒಮ್ಮೆ ನಡುಗಿತು. ಅತ್ತ ಅರ್ಧ ಸುತ್ತು ಹೋಗಿ ಇತ್ತ ಬಂತು. ಆಮೇಲೆ ಅತ್ತ ಪೂರ್ತಿ ಒಂದು ಸುತ್ತು ಹೋಯಿತು. ಅಂಗಡಿಯ ಎಲ್ಲ ಗಡಿಯಾರಗಳ ನಡುವೆ ಅದರ ಸದ್ದು ನನಗೆ ಬೇರೆಯಾಗಿ ಕೇಳಿಸಿತು.

ಹೊಸ ಪಟ್ಟಿ ಹಾಕಿ, ಗಡಿಯಾರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ದ್ಯಾಮವ್ವನ ಮನೆಗೆ ಹೋದೆ. ಅವಳು ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಏನೂ ಹೇಳದೆ ಗಡಿಯಾರವನ್ನು ಅವಳ ಕೈಗಿಟ್ಟೆ. ಅವಳು ಕಿವಿಗೆ ಹಿಡಿದಳು. ಮೊರ ತೊಡೆಯಿಂದ ಜಾರಿ, ಬೇಳೆ ನೆಲದ ತುಂಬ ಚೆಲ್ಲಿತು.

“ಚಾವಿ ಕೊಟ್ಟೀಯೇನ?”

“ಇಲ್ಲ ದೊಡ್ಡವ್ವಾ.”

ನಿಂತುಕೊಂಡೇ ಎಲ್ಲ ಹೇಳಿದೆ. ಬೆನ್ನು ತೆರೆದದ್ದು, ಗೀರು ನೋಡಿ ನಕ್ಕದ್ದು, ಸ್ಕ್ರೂಡ್ರೈವರ್ ಜಾರಿದ್ದು, ಐದು ಮಂದಿಯ ಎದುರು ಹೇಳಿದ್ದು. ಅವಳು ಗಡಿಯಾರವನ್ನು ಕಿವಿಯಿಂದ ತೆಗೆಯಲಿಲ್ಲ.

“ಅಂದ್ರ ನಾ ಬೈದದ್ದಕ್ಕ ಹೋಗಿಲ್ಲ ಅಂವ,” ಎಂದಳು.

“ಇಲ್ಲ.”

“ನಾ ಬೈದ ಮ್ಯಾಲೂ ನಡದಿದ್ದ?”

“ನಾ ಕೈ ಹಾಕೂತನಕ ನಡದಿದ್ದ. ಚೊಲೋತ್ನಾಗ ನಡದಿದ್ದ.”

ಅವಳು ಅಳತೊಡಗಿದಳು. ನಿಲುಗಡೆಯ ದಿನ ಅಳದೆ ಇಟ್ಟುಕೊಂಡದ್ದನ್ನೆಲ್ಲ ಈಗ ಅತ್ತಳು. ಅತ್ತು ಮುಗಿಸಿ ಮುಖ ಒರೆಸಿಕೊಂಡು ನನ್ನನ್ನು ನೋಡಿದಾಗ ಆ ಕಣ್ಣುಗಳಲ್ಲಿ ನೀರಿನ ಪಸೆಯೂ ಇರಲಿಲ್ಲ. “ಎರಡು ವರ್ಷ,” ಎಂದಳು. “ಎರಡು ವರ್ಷ ನಾ ನನ್ನ ಮಗನ್ನ ಹೊರಗ ಹಾಕಿದೆ ಅಂತ ತಿಳಕೊಂಡು ತುತ್ತು ನುಂಗೇನಿ. ನೀ ದಿನಾ ನನ್ನ ಮುಂದ ಹಾದು ಹೋಗ್ತಿದ್ದಿ.”

ನಾನು ಕೈಮುಗಿದೆ. “ನಾಳೆ ಮುಂಜಾನೆ ಊರ ಮಂದೀನ ಕೂಡಿಸಿ ಹೇಳತೇನಿ. ಅಂಗಡಿ ಮುಚ್ಚತೇನಿ. ನೀವೆಲ್ಲ ಕೂಡಿ ಏನು ಶಿಕ್ಷಾ ಕೊಟ್ರೂ...”

“ಬಾಯಿ ಮುಚ್ಚು.” ಅವಳು ಜೋರಾಗಿ ಹೇಳಲಿಲ್ಲ. “ಕಸ್ತೂರಿಗೆ ಈಗ ಏಳು ತಿಂಗಳು. ಗಂಡನ ಗಡಿಯಾರ ನಡೀತಿರೂವಾಗ ಇನ್ನೊಬ್ಬನ ಮನಿ ಸೇರಿದ್ಲು ಅಂತ ಆಕೀಗೆ ಅನ್ನಸ್ತೀಯೇನು? ಹುಟ್ಟೂ ಕೂಸಿಗೆ ಏನಂತ ಹೆಸರಿಡ್ತಾರ ಗೊತ್ತೈತೇನು?”

“ಹಂಗಾರ ನಾ ಏನ್ ಮಾಡ್ಲಿ ದೊಡ್ಡವ್ವಾ?”

“ಏನೂ ಮಾಡಬ್ಯಾಡ. ನಿನಗ ಹೇಳಿ ಹಗುರಾಗಬೇಕಾಗೇತಿ. ನಾ ಹಗುರ ಮಾಡಂಗಿಲ್ಲ. ಅಂಗಡಿ ತೆಗಿ, ಮಂದಿ ಕರದ ಕಡೆ ಹೋಗು, ಖರೇ ಹೇಳು. ಇದೊಂದು ನಿನ್ನ ಹೊಟ್ಟ್ಯಾಗ ಇರಲಿ.”

ಅವಳು ಗಡಿಯಾರವನ್ನು ಮುರಿಗೆಪ್ಪನ ಹಳೆಯ ರುಮಾಲಿನಲ್ಲಿ ಸುತ್ತಿ, ಜೋಳದ ಗಡಿಗೆಯೊಳಗೆ, ಮೊಣಕೈ ತನಕ ಕೈ ಇಳಿಸಿ ಹೂತಿಟ್ಟಳು. ಆಮೇಲೆ ನಾಗಂದಿಗೆಯಿಂದ ತಾಟು ಕೆಳಗಿಳಿಸಿ, ಧೂಳು ಒರೆಸಿ, ನನಗೆ ಹೋಗು ಎಂದಳು. ನಾನು ಹೊಸಿಲು ದಾಟಿದ ಕೂಡಲೇ ಹಿಂದೆ ಅಗಳಿ ಬಿದ್ದ ಸದ್ದು ಕೇಳಿಸಿತು. ಅಂದಿನಿಂದ ಆ ಮನೆಯ ಬಾಗಿಲು ಎರಡೂ ಹೊತ್ತು ಊಟದ ಸಮಯಕ್ಕೆ ಮುಚ್ಚಿರುತ್ತಿತ್ತು. ಮುದುಕಿಗೆ ವಯಸ್ಸಾಯಿತು, ಒಬ್ಬಳೇ ಉಣ್ಣಲು ಸಂಕೋಚ ಎಂದು ನೆರೆಯವರು ತಿಳಿದುಕೊಂಡರು. ಮೈ ಮಾತ್ರ ತುಂಬಿಕೊಳ್ಳುತ್ತ ಬಂತು ಎಂದು ಎಲ್ಲರೂ ಸಂತೋಷಪಟ್ಟರು.

ಕಸ್ತೂರಿಗೆ ಹೆಣ್ಣು ಹುಟ್ಟಿತು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವ ಮುಂಚೆ ಅಡಿವೆಪ್ಪ ಅಂಗಡಿಗೆ ಬಂದು, ಕೂಸಿಗೆ ನನ್ನ ಹೆಸರಿಡುವುದೆಂದು ಗಂಡಹೆಂಡಿರು ಮಾತಾಡಿಕೊಂಡಿದ್ದೇವೆ ಎಂದು ಹೇಳಿದ. “ಆಕೀದು ಭಾಳ ಆಸೆ ಐತ್ರಿ. ನೀವು ಇಲ್ಲ ಅನಬ್ಯಾಡ್ರಿ,” ಎಂದ. ನಮ್ಮೂರಿನಲ್ಲಿ ಯಾರ ಹೆಸರಿಡುತ್ತಾರೋ ಅವರೇ ಕೂಸಿನ ಕಿವಿಯಲ್ಲಿ ಆ ಹೆಸರನ್ನು ಮೂರು ಸಲ ಹೇಳಬೇಕು. ಅವನು ನನ್ನ ಮೌನವನ್ನು ಒಪ್ಪಿಗೆ ಎಂದುಕೊಂಡು, ಬಣ್ಣದ ಕೈಗಳನ್ನು ಜೋಡಿಸಿ ಹೋದ.

ತೊಟ್ಟಿಲ ಸುತ್ತ ಹೆಂಗಸರು ಕಿಕ್ಕಿರಿದಿದ್ದರು. ತಲೆಯ ಕಡೆಗೆ ಗೋಡೆಗೊರಗಿ ದ್ಯಾಮವ್ವ ಕೂತಿದ್ದಳು. ಕಸ್ತೂರಿ ಕೂಸನ್ನು ನನ್ನ ತೋಳಿಗೆ ಕೊಟ್ಟಳು. ಹಾಲಿನ ವಾಸನೆಯ ಸಣ್ಣ ತಲೆ, ಕಡಲೆಬೇಳೆಯಷ್ಟು ಕಿವಿ. ನಾನು ಬಗ್ಗಿದೆ. ಆ ಕಿವಿಯಲ್ಲಿ ನನ್ನ ಹೆಸರು ಹಾಕಲು ನನ್ನಿಂದಾಗಲಿಲ್ಲ. ಏನೂ ಅರಿಯದ ಜೀವಕ್ಕೆ ಅದನ್ನು ಬದುಕಿನುದ್ದಕ್ಕೂ ಹೊರಿಸುವುದೆಂದರೆ ಐದು ಮಂದಿಯ ಎದುರು ಹೇಳಿದ ಸುಳ್ಳಿಗಿಂತ ದೊಡ್ಡದೆನಿಸಿತು. “ದ್ಯಾಮವ್ವ,” ಎಂದೆ. ಎರಡನೆಯ ಸಲ ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಮೂರನೆಯದು ಎಲ್ಲರಿಗೂ ಕೇಳಿಸಿತು.

ಹೆಂಗಸರು ಮುಖ ಮುಖ ನೋಡಿಕೊಂಡರು. “ಈ ಕಾಲದಾಗ ದ್ಯಾಮವ್ವ ಅಂತ ಯಾರ್ ಇಡತಾರ ಯವ್ವಾ!” ಎಂದು ಯಾರೋ ನಕ್ಕರು. ಕಸ್ತೂರಿ ಮೊದಲು ತಬ್ಬಿಬ್ಬಾಗಿ, ಆಮೇಲೆ ಅತ್ತೆಯಾಗಿದ್ದವಳ ಕಡೆ ತಿರುಗಿ, ಬಿಕ್ಕಿ ಅತ್ತುಬಿಟ್ಟಳು. ದ್ಯಾಮವ್ವ ಗೋಡೆ ಬಿಟ್ಟು ಮುಂದೆ ಬಂದು ಕೈ ಚಾಚಿದಳು. ನಾನು ಕೂಸನ್ನು ಕೊಟ್ಟೆ. ಅವಳು ನನ್ನ ಮುಖ ನೋಡಲಿಲ್ಲ. “ನನ್ನ ಹೆಸರ ಯಾರ್ ಕೇಳಿದ್ರು ಈಕೀಗೆ? ನನ್ನಂಗ ಹಟಮಾರಿ ಆಗ್ತಾಳ ನೋಡ್ರಿ,” ಎಂದು ಕೂಸಿಗೆ ದೃಷ್ಟಿ ತೆಗೆದು, ಅದನ್ನು ಎದೆಗೆ ಒತ್ತಿಕೊಂಡಳು.

ನಾನು ಚಪ್ಪಲಿ ಹುಡುಕುತ್ತಿರುವಾಗ ಕಸ್ತೂರಿ ಹಿಂದೆಯೇ ಬಂದಳು. “ಯಾಕ್ರಿ ನೀಲಕ್ಕಾ, ನಿಮ್ಮ ಹೆಸರು ಯಾಕ ಬ್ಯಾಡಾತು?” ಎಂದು ಕೇಳಿದಳು. ಅವಳ ಕೆನ್ನೆ ಇನ್ನೂ ಒದ್ದೆಯಾಗಿತ್ತು.

“ಅದು ಅಷ್ಟು ಚೊಲೋ ಹೆಸರಲ್ಲವ್ವಾ,” ಎಂದೆ. ನನ್ನ ಬಗ್ಗೆ ಅವಳಿಗೆ ನಾನು ಹೇಳಬಹುದಾಗಿದ್ದ ನಿಜ ಅಷ್ಟೇ.

ಅವಳು ಅದನ್ನು ಬೇರೆ ರೀತಿ ತಿಳಿದುಕೊಂಡಳು. ಮರುದಿನ ನಾನು ಅಂಗಡಿಯ ಬೀಗ ತೆಗೆಯುವುದರೊಳಗೆ, ತನಗೆ ಬಂದ ಮಾನವನ್ನು ಮುದುಕಿಗೆ ಬಿಟ್ಟುಕೊಟ್ಟ ನೀಲಕ್ಕನ ದೊಡ್ಡ ಮನಸ್ಸಿನ ಸುದ್ದಿ ಊರೆಲ್ಲ ಸುತ್ತಿ ಕೋಟೆಬಾಗಿಲಿಗೆ ಬಂದಿತ್ತು. ಹೊತ್ತೇರುವ ತನಕ ಒಬ್ಬೊಬ್ಬರೇ ಬಂದು ಕೈಮುಗಿದು ಹೋದರು. ನಾನು ಎದ್ದು ನಿಂತು, ಬರ್ರಿ, ಕೂಡ್ರಿ ಎಂದೆ. ಯಾರ ಮುಖವನ್ನೂ ನೋಡಲಾಗದೆ ಅವರ ಕೈಯ ಗಡಿಯಾರಗಳನ್ನೇ ನೋಡುತ್ತ ಕೂತೆ.